ಸಾಂಕ್ರಾಮಿಕ ರೋಗಗಳೂ ಸಮಾಜದ ನೀತಿಪ್ರಜ್ಞೆಯೂ

ಮನುಷ್ಯನಿಗೆ ಬರುವ ರೋಗಗಳಲ್ಲಿ ಎರಡು ಬಗೆ. ಬಂದವನನ್ನು ಮಾತ್ರ ಬಾಧಿಸಿ ಅವನೊಡನೆಯೇ ಮುಗಿಯುವುದು ಒಂದು ಬಗೆ. ಒಬ್ಬನಿಂದ ಇನ್ನೊಬ್ಬನಿಗೆ, ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಹಬ್ಬಿ ಇಡಿಯ ಸಮಾಜವನ್ನೇ ಹಿಡಿಯುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ವೈದ್ಯನೂ ಔಷಧವೂ ಇದ್ದರೆ ಸಾಕು. ಎರಡನೆಯದಕ್ಕೆ ಅವೆರಡರ ಜೊತೆಗೆ ಮೂರನೆಯದೊಂದು ಬೇಕು. ಅದು ಜನರ ನಡತೆ. ರೋಗ ತಗುಲಿದವನು ಅದನ್ನು ಮುಚ್ಚಿಡದೆ ಹೇಳಬೇಕು. ನೆರೆಯವನು ಅವನನ್ನು ತೊರೆಯದೆ, ಆದರೆ ಎಚ್ಚರ ತಪ್ಪದೆ, ನೋಡಿಕೊಳ್ಳಬೇಕು. ಆಳುವವನು ಇದ್ದ ಸಂಗತಿಯನ್ನು ಇದ್ದಂತೆಯೇ ತಿಳಿಸಬೇಕು. ಇವು ಯಾವುವೂ ಔಷಧದ ಅಂಗಡಿಯಲ್ಲಿ ಬೆಲೆಗೆ ದೊರೆಯುವ ಪದಾರ್ಥಗಳಲ್ಲ.

ರೋಗವನ್ನು ತಡೆಯಲು ಕಾಯಿದೆಗಳಿವೆಯಲ್ಲ, ನೀತಿಯ ಮಾತೇಕೆ ಎಂದು ಕೇಳುವವರಿದ್ದಾರೆ. ಕಾಯಿದೆಯ ಕೈ ಮನೆಯ ಹೊಸ್ತಿಲವರೆಗೆ ಬರಬಲ್ಲದು. ಒಳಗೆ ಜ್ವರದಿಂದ ಮಲಗಿರುವ ಮಗುವಿನ ಸಂಗತಿಯನ್ನು ಹೊರಗೆ ತಿಳಿಸಬೇಕೇ ಬೇಡವೇ ಎಂಬ ನಿರ್ಧಾರ ಮಾತ್ರ ಹೊಸ್ತಿಲಿನ ಒಳಗೇ ಆಗತಕ್ಕದ್ದು. ಆ ನಿರ್ಧಾರ ತಾಯಿತಂದೆಗಳದು. ಹೇಳಿದರೆ ಮಗುವಿಗೆ ಒಳ್ಳೆಯದಾಗುವುದೆಂಬ ನಂಬಿಕೆಯಿದ್ದರೆ ಅವರು ಹೇಳುತ್ತಾರೆ. ಹೇಳಿದರೆ ಅವಮಾನವೂ ಅಗಲಿಕೆಯೂ ಬರುವುವೆಂಬ ಭಯವಿದ್ದರೆ ಮುಚ್ಚಿಡುತ್ತಾರೆ. ಸಾಂಕ್ರಾಮಿಕ ರೋಗದ ನಿಯಂತ್ರಣವೆಲ್ಲ ನಿಂತಿರುವುದು ಈ ಒಂದು ಕೀಲಿನ ಮೇಲೆ. ಆದುದರಿಂದ ನೀತಿಯೆಂಬುದು ರೋಗನಿವಾರಣೆಯ ಕಾರ್ಯಕ್ಕೆ ಮೇಲಿನಿಂದ ತೊಡಿಸುವ ಆಭರಣವಲ್ಲ, ಆ ಕಾರ್ಯದ ಸಾಧನಗಳಲ್ಲಿಯೇ ಒಂದು. ಈ ಮಾತನ್ನು ನಮ್ಮ ನಾಡೂ ನೆರೆನಾಡೂ ಒಟ್ಟಿಗೆ ಅನುಭವಿಸಿದ ಒಂದು ಮಹಾಮಾರಿಯ ಚರಿತ್ರೆಯಿಂದ ಪರಿಶೀಲಿಸಬಹುದು. ಅದು 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಹಬ್ಬಿದ್ದ ಈ ರೋಗವನ್ನು ಮುಂಬಯಿಯ ಮಾಂಡವಿ ಪ್ರದೇಶದಲ್ಲಿ 1896ರ ಸೆಪ್ಟೆಂಬರಿನಲ್ಲಿ ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೋ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಆದರೆ ಅದು ಮನುಷ್ಯನಿಗೆ ಹೇಗೆ ತಗಲುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಪ್ಲೇಗು ಮೂಲತಃ ಇಲಿಗಳ ರೋಗ. ರೋಗದಿಂದ ಇಲಿ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಚಿಗಟಗಳು ಬೇರೆ ಮೈಯನ್ನು ಹುಡುಕಿ ಹೊರಡುತ್ತವೆ. ಹತ್ತಿರ ಮನುಷ್ಯನಿದ್ದರೆ ಅವನನ್ನು ಕಚ್ಚುತ್ತವೆ. ಹಾಗೆ ರೋಗಾಣು ರಕ್ತಕ್ಕೆ ಸೇರಿ ಜ್ವರ ಏರುತ್ತದೆ, ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಗಂಟು ಏಳುತ್ತದೆ. ಈ ಚಿಗಟದ ಮಾರ್ಗವನ್ನು ಪಾಲ್ ಲೂಯಿ ಸಿಮೋ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನಾದರೂ ಪಂಡಿತಲೋಕ ಅದನ್ನು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷಗಳು ಬೇಕಾದುವು.

ಈ ಅಜ್ಞಾನದ ನಡುವೆ ಅಂದಿನ ಸರ್ಕಾರವು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಕೆಲವೇ ಕಲಮುಗಳ ಈ ಚಿಕ್ಕ ಕಾಯಿದೆಯ ಬಲ ಮಾತ್ರ ದೊಡ್ಡದು. ಪ್ರಯಾಣಿಕರನ್ನು ತಡೆದು ಪರೀಕ್ಷಿಸಬಹುದು. ರೋಗವುಳ್ಳವರೆಂದು ಸಂಶಯ ಬಂದವರನ್ನು ಪ್ರತ್ಯೇಕವಾಗಿ ಇರಿಸಬಹುದು. ಸದುದ್ದೇಶದಿಂದ ಮಾಡಿದ ಯಾವ ಕಾರ್ಯಕ್ಕೂ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಪುಣೆಯಲ್ಲಿ ಪ್ಲೇಗು ಸಮಿತಿಯ ಅಧ್ಯಕ್ಷನಾಗಿ ಬಂದ ರ‍್ಯಾಂಡ್ ಎಂಬ ಅಧಿಕಾರಿಯು ಮನೆಗಳ ಶೋಧಕ್ಕೆ ಸೈನಿಕರನ್ನು ನಿಯೋಗಿಸಿದನು. ಸೈನಿಕರು ದೇವರ ಕೋಣೆ, ಅಡಿಗೆಯ ಮನೆ ಎಂಬ ಭೇದವಿಲ್ಲದೆ ಒಳನುಗ್ಗಿದರು. ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸಿದರು. ಬಟ್ಟೆಬರೆಗಳನ್ನು ಬೀದಿಗೆಳೆದು ಸುಟ್ಟರು. ಸ್ತ್ರೀಯರ ದೇಹಪರೀಕ್ಷೆಯಲ್ಲಿ ಮರ್ಯಾದೆ ಮೀರಿದರೆಂಬ ದೂರು ಎಲ್ಲೆಡೆ ಎದ್ದಿತು.

ಅಧಿಕಾರಿಗಳ ಉದ್ದೇಶ ರೋಗವನ್ನು ಅಡಗಿಸುವುದೇ ಆಗಿತ್ತೆಂದು ಒಪ್ಪಿಕೊಂಡರೂ ಫಲ ವಿಪರೀತವಾಯಿತು. ರೋಗವನ್ನು ಒಪ್ಪಿಕೊಳ್ಳುವುದೆಂದರೆ ಮನೆ ಮುರಿದಂತೆ ಎಂಬ ಭಾವನೆ ಬಂದಮೇಲೆ ಜನರು ರೋಗಿಗಳನ್ನು ಬಚ್ಚಿಟ್ಟರು. ಸಾವುಗಳನ್ನು ಬೇರೆ ರೋಗದ ಹೆಸರಿನಲ್ಲಿ ಬರೆಯಿಸಿದರು. ಲಕ್ಷಾಂತರ ಜನ ಮುಂಬಯಿಯನ್ನು ಬಿಟ್ಟು ತಮ್ಮ ತಮ್ಮ ಊರುಗಳಿಗೆ ಹೊರಟರು. ರೋಗವೂ ಅವರ ಗಂಟುಮೂಟೆಗಳೊಡನೆ ಪ್ರಯಾಣ ಮಾಡಿತು. ಮೈಸೂರು ಸೀಮೆಯಲ್ಲಿಯೂ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕ್ರಮಗಳನ್ನು ವಿರೋಧಿಸಿ ಗಲಭೆ ನಡೆಯಿತು. ಪುಣೆಯ ಕಥೆ ರಕ್ತಪಾತದಲ್ಲಿ ಮುಗಿಯಿತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ರ‍್ಯಾಂಡನೂ ಅವನ ಸಂಗಡ ಹೊರಟಿದ್ದ ಅಯರ್ಸ್ಟ್ ಎಂಬ ಸೇನಾಧಿಕಾರಿಯೂ ಬಲಿಯಾದರು. ಈ ಘಟನೆಯನ್ನು ರಾಜಕೀಯ ದೃಷ್ಟಿಯಿಂದ ಹೇಗೆ ಕಂಡರೂ ಆರೋಗ್ಯದ ದೃಷ್ಟಿಯಿಂದ ಹೊರಡುವ ಪಾಠ ಒಂದೇ. ಭಯದಿಂದ ರೋಗದ ಸುಳಿವು ಸಿಕ್ಕುವುದಿಲ್ಲ. ಭಯ ರೋಗವನ್ನು ಇನ್ನೂ ಆಳಕ್ಕೆ ಅಡಗಿಸುತ್ತದೆ.

ಅದೇ ವರ್ಷದ ಅದೇ ದಿನಗಳಲ್ಲಿ, ಅದೇ ಪುಣೆಯ ಹೊರವಲಯದಲ್ಲಿ ಇನ್ನೊಂದು ದೃಶ್ಯ ನಡೆಯುತ್ತಿತ್ತು. ಹೆಣ್ಣುಮಕ್ಕಳಿಗೂ ಕೆಳಗಿನವರೆನಿಸಿಕೊಂಡವರಿಗೂ ಅಕ್ಷರ ಕಲಿಸಿದ ಸಾವಿತ್ರಿಬಾಯಿ ಫುಲೆಯವರು ವೈದ್ಯನಾಗಿದ್ದ ತಮ್ಮ ಸಾಕುಮಗ ಯಶವಂತನೊಡನೆ ಪ್ಲೇಗಿನ ರೋಗಿಗಳಿಗಾಗಿ ಚಿಕಿತ್ಸಾಲಯವೊಂದನ್ನು ನಡೆಯಿಸುತ್ತಿದ್ದರು. ಆಗ ಅವರಿಗೆ ಅರವತ್ತಾರು ವರ್ಷ ವಯಸ್ಸು. ರೋಗಪೀಡಿತನಾದ ಬಾಲಕನೊಬ್ಬನನ್ನು ತಾವೇ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಅವರಿಗೂ ರೋಗ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ವಾಚಕರು ಈ ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಸೈನಿಕನು ಮಾಡಿದ ಕಾರ್ಯವೂ ರೋಗಿಯನ್ನು ಮನೆಯಿಂದ ಚಿಕಿತ್ಸೆಯ ಸ್ಥಳಕ್ಕೆ ಸಾಗಿಸುವುದೇ. ಸಾವಿತ್ರಿಬಾಯಿಯವರು ಮಾಡಿದ ಕಾರ್ಯವೂ ಅದೇ. ಆದರೆ ಒಬ್ಬನನ್ನು ಕಂಡು ಜನ ಬಾಗಿಲು ಹಾಕಿಕೊಂಡರು. ಇನ್ನೊಬ್ಬರ ಬಳಿಗೆ ತಾವಾಗಿಯೇ ಮಕ್ಕಳನ್ನು ಒಪ್ಪಿಸಬಲ್ಲವರಾದರು. ಸೈನಿಕನ ಕಣ್ಣಿಗೆ ರೋಗಿಯು ರೋಗದ ಮನೆ. ಆ ತಾಯಿಯ ಕಣ್ಣಿಗೆ ಅವನು ಮಗು. ಕಾರ್ಯ ಒಂದೇ ಆದರೂ ಅದರ ಹಿಂದಿನ ದೃಷ್ಟಿ ಬೇರೆಯಾದಾಗ ಜನರ ವರ್ತನೆಯೂ ಬೇರೆಯಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನಂಬಿಕೆಯ ಬಲವನ್ನು ತೋರಿಸುವ ಇನ್ನೊಂದು ಪ್ರಸಂಗ ನಮ್ಮ ಹುಬ್ಬಳ್ಳಿಯದು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ಕಿರಿದಾದ ಕೊಠಡಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತನಗೇ ಚುಚ್ಚಿಸಿಕೊಂಡನು. ತಾನು ಹೊರದ ಅಪಾಯವನ್ನು ಇತರರು ಹೊರಬೇಕೆಂದು ಅವನು ಕೇಳಲಿಲ್ಲ. ಮರುವರ್ಷ ಹುಬ್ಬಳ್ಳಿ, ಧಾರವಾಡ, ಗದಗ ಪಟ್ಟಣಗಳಲ್ಲಿ ಪ್ಲೇಗು ಉಗ್ರವಾದಾಗ ಈ ಲಸಿಕೆಯನ್ನು ಹಾಕಲಾಯಿತು. ಹುಬ್ಬಳ್ಳಿಯೊಂದರಲ್ಲಿಯೇ ಹತ್ತಾರು ಸಾವಿರ ಜನ ಸೂಜಿ ಹಾಕಿಸಿಕೊಂಡರು. ಹಾಕಿಸಿಕೊಂಡ ನಂತರ ಜ್ವರವೂ ನೋವೂ ಬರುತ್ತಿದ್ದ ಆ ಕಾಲದ ಲಸಿಕೆಗೆ ಅಷ್ಟು ಜನ ತೋಳು ಒಡ್ಡಿದುದು ಸಣ್ಣ ಮಾತಲ್ಲ. ಹಾಕಿಸಿಕೊಂಡವರು ಬದುಕಿ ಉಳಿದುದನ್ನು ನೆರೆಹೊರೆಯವರು ಕಣ್ಣಾರೆ ಕಂಡರು. ಕಂಡು ತಾವೂ ಮುಂದೆ ಬಂದರು. ಸರ್ಕಾರವೂ ಆ ಹೊತ್ತಿಗೆ ಪಾಠ ಕಲಿತಿತ್ತು. ಬಲಾತ್ಕಾರದ ಶೋಧಗಳನ್ನು ಕ್ರಮೇಣ ಸಡಿಲಿಸಿ, ಊರಿನ ಹಿರಿಯರ ಒಪ್ಪಿಗೆಯನ್ನೂ ಜನರ ಸಮ್ಮತಿಯನ್ನೂ ಆಶ್ರಯಿಸುವ ಮಾರ್ಗವನ್ನು ಹಿಡಿಯಿತು.

ಗಳಿಸಿದ ನಂಬಿಕೆ ಎಷ್ಟು ಬೇಗ ಒಡೆಯಬಲ್ಲದೆಂಬುದಕ್ಕೂ ಇದೇ ಲಸಿಕೆಯ ಚರಿತ್ರೆಯಲ್ಲಿ ಸಾಕ್ಷಿಯಿದೆ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ತಪ್ಪು ಎಲ್ಲಿ ನಡೆಯಿತೆಂದು ಪೂರ್ತಿಯಾಗಿ ತಿಳಿಯುವ ಮೊದಲೇ ಅಪರಾಧವನ್ನು ಹಾಫ್‌ಕಿನ್ನನ ಪ್ರಯೋಗಾಲಯದ ಮೇಲೆ ಹೊರಿಸಲಾಯಿತು. ಶೀಸೆಯನ್ನು ಹಳ್ಳಿಯಲ್ಲಿ ತೆರೆಯುವಾಗ ಮಲಿನತೆ ಸೇರಿರುವ ಸಂಭವವೇ ಹೆಚ್ಚೆಂಬ ವಾದಕ್ಕೆ ಮನ್ನಣೆ ದೊರೆತು, ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳ ಬೆಂಬಲದಿಂದ ಅವನು ದೋಷಮುಕ್ತನಾದುದು 1907ರಲ್ಲಿ. ಅಷ್ಟರಲ್ಲಿ ಐದು ವರ್ಷಗಳು ಕಳೆದಿದ್ದುವು. ಆ ಐದು ವರ್ಷಗಳು ಪ್ಲೇಗು ಪಂಜಾಬಿನಲ್ಲಿ ತನ್ನ ಭಯಂಕರ ರೂಪವನ್ನು ತೋರಿಸಿದ ವರ್ಷಗಳೇ ಆಗಿದ್ದುವು. ಅನಾಹುತವಾದಾಗ ನಿಜವನ್ನು ಬೇಗನೆ ಹುಡುಕಿ, ಹುಡುಕಿದ್ದನ್ನು ಮರೆಮಾಚದೆ ಹೇಳುವ ಸತ್ಯನಿಷ್ಠೆಯು ಒಬ್ಬ ವ್ಯಕ್ತಿಯ ಮಾನಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಅನೇಕರ ಪ್ರಾಣಕ್ಕೆ ಸಂಬಂಧಿಸಿದ್ದು.

ಇಲ್ಲಿಯವರೆಗೆ ಆಳುವವರ ಮತ್ತು ವೈದ್ಯರ ನಡತೆಯನ್ನು ಕಂಡೆವು. ಸಾಮಾನ್ಯ ಜನರ ನಡತೆಯೂ ವಿಚಾರಾರ್ಹ. ಇಲಿ ಬಿದ್ದ ಸುದ್ದಿ ಬಂದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಚಿಗಟದ ಶಾಸ್ತ್ರವನ್ನು ಹಳ್ಳಿಗರು ಓದಿರಲಿಲ್ಲ. ಆದರೆ ಮನೆಯೊಳಗೆ ಇಲಿ ಸತ್ತರೆ ಆ ಮನೆಯಲ್ಲಿ ಮನುಷ್ಯರೂ ಸಾಯುವರೆಂಬುದನ್ನು ಅನುಭವದಿಂದ ಬಲ್ಲವರಾಗಿದ್ದರು. ಸತ್ತ ಇಲಿಯಿಂದಲೂ ಅದರ ಚಿಗಟದಿಂದಲೂ ದೂರವಾಗುವುದೇ ಪ್ಲೇಗಿಗೆ ತಕ್ಕ ಉಪಾಯವಾದುದರಿಂದ ಅವರ ನಡೆ ಶಾಸ್ತ್ರಕ್ಕೂ ಸರಿಯಾಗಿಯೇ ಇತ್ತು. ಇದರಲ್ಲಿ ಗಮನಾರ್ಹವಾದುದು ಒಂದಿದೆ. ಊರು ಬಿಡುವುದು ಒಬ್ಬನಿಂದ ಆಗುವ ಕೆಲಸವಲ್ಲ. ಹೊಲವಿದ್ದವನು ಇಲ್ಲದವನಿಗೆ ಗುಡಿಸಲಿನ ಜಾಗ ಕೊಡಬೇಕು; ಬಾವಿಯಿದ್ದವನು ನೀರು ಕೊಡಬೇಕು; ಎಲ್ಲರೂ ಬಿಟ್ಟುಹೋದ ಮನೆಗಳಿಗೆ ಯಾರೂ ಕನ್ನ ಹಾಕಬಾರದು. ಹಂಚಿಕೊಳ್ಳುವ ಮನಸ್ಸೂ ಪರರ ಒಡವೆಗೆ ಕೈಯಿಡದ ಸಂಯಮವೂ ಇದ್ದಲ್ಲಿ ಮಾತ್ರ ಊರಿಗೆ ಊರೇ ಹೊರಗೆ ಹೋಗಿ ಬದುಕಿ ಹಿಂತಿರುಗಬಹುದು.

ಹಾಗಾದರೆ ಸದ್ಗುಣವೊಂದಿದ್ದರೆ ಸಾಕೇ, ತಿಳಿವಳಿಕೆ ಬೇಡವೇ? ಈ ಪ್ರಶ್ನೆಗೆ ಇಂಗ್ಲೆಂಡಿನ ಈಮ್ ಎಂಬ ಹಳ್ಳಿಯ ಚರಿತ್ರೆ ಉತ್ತರ ಕೊಡುತ್ತದೆ. 1665ರಲ್ಲಿ ಲಂಡನ್ನಿನ ಪ್ಲೇಗು ಆ ಹಳ್ಳಿಗೂ ಬಂದಿತು. ಮರುವರ್ಷ ಅಲ್ಲಿನ ಪಾದ್ರಿ ವಿಲಿಯಂ ಮಾಂಪೆಸನ್ನನ ಮಾತಿನಂತೆ ಹಳ್ಳಿಗರು ರೋಗವು ಸುತ್ತಲಿನ ಊರುಗಳಿಗೆ ಹರಡದಿರಲೆಂದು ತಮ್ಮ ಎಲ್ಲೆಯನ್ನು ದಾಟುವುದಿಲ್ಲವೆಂದು ನಿಶ್ಚಯಿಸಿದರು. ನೆರೆಯೂರಿನವರು ಎಲ್ಲೆಯ ಬಳಿ ಆಹಾರವನ್ನಿರಿಸಿ ಹೋಗುತ್ತಿದ್ದರು. ಇವರು ನಾಣ್ಯಗಳನ್ನು ಹುಳಿನೀರಿನಲ್ಲಿ ಅದ್ದಿ ಇರಿಸುತ್ತಿದ್ದರು. ಪಾದ್ರಿಯ ಪತ್ನಿಯೂ ಸೇರಿ ಸುಮಾರು 260 ಜನ ಸತ್ತರೆಂದು ಪ್ರತೀತಿ. ನೆರೆಯವರಿಗಾಗಿ ಮಾಡಿದ ಆ ತ್ಯಾಗ ಎಂದೆಂದಿಗೂ ಪೂಜ್ಯವಾದುದು. ಆದರೆ ಇಲಿ ಚಿಗಟಗಳ ಸಂಗತಿ ತಿಳಿದಿದ್ದರೆ ಅವರು ಎಲ್ಲೆಯೊಳಗೇ ಇದ್ದುಕೊಂಡು, ಮನೆಗಳನ್ನು ಮಾತ್ರ ಬಿಟ್ಟು ಬಯಲಿನಲ್ಲಿ ವಾಸಿಸಿ, ಎಷ್ಟೋ ಪ್ರಾಣಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಆದುದರಿಂದ ಅರಿವಿಲ್ಲದ ಆಚಾರ ಕುರುಡು. ಆಚಾರವಿಲ್ಲದ ಅರಿವು ಹೆಳವು. ಒಂದು ಕಣ್ಣಾಗಿ ಇನ್ನೊಂದು ಕಾಲಾದಾಗಲೇ ದಾರಿ ಸಾಗುವುದು.

ಇಲ್ಲಿಯೇ ಮೌಲ್ಯಕ್ಕೂ ಕೇವಲ ರೂಢಿಗೂ ಇರುವ ಅಂತರವನ್ನು ವಿವೇಚಿಸಬೇಕು. ಪ್ಲೇಗಿನ ಕಾಲದಲ್ಲಿ ಅನೇಕರು ಆಸ್ಪತ್ರೆಗೆ ಹೋಗಲು ಹಿಂಜರಿದುದಕ್ಕೆ ಸೈನಿಕರ ಭಯವೊಂದೇ ಕಾರಣವಲ್ಲ. ಅನ್ಯಜಾತಿಯವರ ಕೈಯ ನೀರು, ಪಕ್ಕದ ಹಾಸಿಗೆ, ಮುಟ್ಟುವಿಕೆ ಇವೂ ಕಾರಣಗಳಾಗಿದ್ದುವು. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ವನ್ನು ಓದಿದ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಷಯ ಹೊಸದಲ್ಲ. ಅಲ್ಲಿ ಆಚಾರಭ್ರಷ್ಟನೆನಿಸಿದ ನಾರಣಪ್ಪನು ಪ್ಲೇಗಿನಿಂದ ಸತ್ತು ಬಿದ್ದಿದ್ದಾನೆ. ಅಗ್ರಹಾರದಲ್ಲಿ ಇಲಿಗಳು ಬೀಳುತ್ತಿವೆ. ಹಿರಿಯರು ಮಾತ್ರ ಶವಸಂಸ್ಕಾರದ ಅರ್ಹತೆ ಯಾರದೆಂಬ ಜಿಜ್ಞಾಸೆಯಲ್ಲಿ ತೊಡಗಿದ್ದಾರೆ. ಕೊನೆಗೆ ಆ ಶವಕ್ಕೆ ಬೆಂಕಿ ಕಾಣಿಸುವವಳು ಚಂದ್ರಿ, ಅದೂ ಬ್ಯಾರಿಯೊಬ್ಬನ ನೆರವಿನಿಂದ, ರಾತ್ರಿಯ ಹೊತ್ತಿನಲ್ಲಿ. ಮಡಿಯನ್ನು ಕಾಯುವ ಚಿಂತೆಯಲ್ಲಿ ಮನುಷ್ಯರನ್ನು ಕಾಯುವುದು ಮರೆತುಹೋದಾಗ ರೋಗಕ್ಕೆ ದಾರಿ ಸುಗಮವಾಗುತ್ತದೆ.

ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದುದನ್ನು ನೆನೆಯುವುದು ಉಚಿತ. ಹುಟ್ಟು, ಸಾವು, ರಜಸ್ಸು, ಎಂಜಲು, ಜಾತಿ ಇವುಗಳಿಂದ ಮನುಷ್ಯನಿಗೆ ಸೂತಕ ಅಂಟುವುದಿಲ್ಲವೆಂಬುದು ಅವರ ನಿಲುವು. ಇದನ್ನು ಸೋಂಕಿಗೆ ಹೆದರಬೇಕಿಲ್ಲ ಎಂಬ ಅರ್ಥದಲ್ಲಿ ಹಿಡಿಯಬಾರದು. ಸೂತಕ ಬೇರೆ, ಸೋಂಕು ಬೇರೆ. ಸೂತಕ ವ್ಯಕ್ತಿಯ ಮೇಲೆ ಸಮಾಜ ಹೊರಿಸುವ ಹೊಲಸಿನ ಆರೋಪ. ಸೋಂಕು ರೋಗಾಣುವಿನ ಸಂಚಾರ. ಸೋಂಕಿದ್ದಲ್ಲಿ ಅಂತರ ಬೇಕು, ಕೈತೊಳೆಯುವುದು ಬೇಕು, ಬಟ್ಟೆಯನ್ನು ಕುದಿಸುವುದು ಬೇಕು. ಇವೆಲ್ಲ ಕೆಲವು ದಿನಗಳ ಎಚ್ಚರಗಳು; ರೋಗ ತೀರಿದೊಡನೆ ತೀರತಕ್ಕವು. ಸೂತಕದ ಭಾವನೆಯಾದರೋ ರೋಗ ಹೋದರೂ ಹೋಗದೆ, ಮನುಷ್ಯನನ್ನೇ ಅಶುದ್ಧನೆಂದು ಎಣಿಸಿ ದೂರವಿಡುತ್ತದೆ. ಸೋಂಕನ್ನು ದೂರವಿಟ್ಟು ಮನುಷ್ಯನನ್ನು ಹತ್ತಿರವಿಟ್ಟುಕೊಳ್ಳುವುದು ನಿಜವಾದ ಶುಚಿತ್ವ.

ಸಿಡುಬಿನ ನಿರ್ಮೂಲನೆಯಲ್ಲಿ ಈ ತತ್ತ್ವದ ಒಂದಂಶ ಕಾರ್ಯರೂಪಕ್ಕೆ ಬಂದಿತು. 1974 ಮತ್ತು 1975ರಲ್ಲಿ ಭಾರತದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆ ತಿರುಗಿ ಸಿಡುಬಿನ ರೋಗಿಗಳನ್ನು ಹುಡುಕಿದರು. ಸುದ್ದಿ ತಂದವರಿಗೆ ಶಿಕ್ಷೆಯ ಬದಲು ಬಹುಮಾನವಿತ್ತು. ಮೊದಲು 50 ರೂಪಾಯಿ ಇದ್ದುದು ಕೊನೆಗೆ 1,000 ರೂಪಾಯಿಗೆ ಏರಿತು. ಕೆಲವೆಡೆ ಬಲವಂತದಿಂದ ಲಸಿಕೆ ಹಾಕಿದುದೂ ಉಂಟು, ಅದನ್ನು ಮರೆಮಾಚಬೇಕಿಲ್ಲ. ಆದರೆ 1897ರಲ್ಲಿ ರೋಗದ ಸುದ್ದಿ ಹೇಳಿದವನಿಗೆ ಮನೆ ಕಳೆದುಕೊಳ್ಳುವ ಭಯವಿತ್ತು, 1975ರಲ್ಲಿ ಅದೇ ಸುದ್ದಿಗೆ ಬೆಲೆಯಿತ್ತು. 1975ರ ಮೇ ತಿಂಗಳ ನಂತರ ಈ ನೆಲದ ಸಿಡುಬು ಮತ್ತೆ ಕಾಣಿಸಲಿಲ್ಲ. 1977ರಲ್ಲಿ ದೇಶವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು.

ಇಷ್ಟು ಪಾಠಗಳಿದ್ದರೂ 2020ರಲ್ಲಿ ಕೊರೋನಾ ಬಂದಾಗ ಹಳೆಯ ಭಯಗಳು ಹೊಸ ವೇಷದಲ್ಲಿ ಕಾಣಿಸಿಕೊಂಡವು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಚೆನ್ನೈ ನಗರದಲ್ಲಿ ರೋಗದಿಂದ ತೀರಿಕೊಂಡ ವೈದ್ಯರೊಬ್ಬರ ಶವವನ್ನು ಹೂಳಲು ಜನ ಅಡ್ಡಿ ಮಾಡಿ ಕಲ್ಲು ತೂರಿದರು. ಸಹೋದ್ಯೋಗಿಯಾದ ವೈದ್ಯರೇ ರಾತ್ರಿಯಲ್ಲಿ ಮಣ್ಣು ಮುಚ್ಚಬೇಕಾಯಿತು. ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಅಡ್ಡಗಟ್ಟಿದುದೂ ನಡೆಯಿತು. ಹಿಂದೆ ಅಧಿಕಾರಿಯ ರಕ್ಷಣೆಗೆಂದು ಕಲಮು ಬರೆದಿದ್ದ ಅದೇ 1897ರ ಕಾಯಿದೆಯನ್ನು 2020ರಲ್ಲಿ ತಿದ್ದಿ, ವೈದ್ಯರನ್ನೂ ದಾದಿಯರನ್ನೂ ಹಿಂಸಿಸಿದವರಿಗೆ ಏಳು ವರ್ಷಗಳವರೆಗೆ ಸೆರೆಯನ್ನು ವಿಧಿಸಬೇಕಾಯಿತು. ಸೇವೆಗೆ ಬಂದವರನ್ನು ಕಾಯಿದೆಯಿಂದ ಕಾಯಬೇಕಾಗಿ ಬಂದುದು ಸಮಾಜಕ್ಕೆ ಭೂಷಣವಲ್ಲ. ರೋಗಿಗಳ ಮನೆಯ ಬಾಗಿಲಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಕ್ರಮವೂ ಹಲವೆಡೆ ನಡೆಯಿತು. ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಡಿಸೆಂಬರಿನಲ್ಲಿ ಹೇಳಿತು. ಬಾಗಿಲಿನ ಚೀಟಿಗೆ ಅಂಜಿದವನು ಪರೀಕ್ಷೆಗೇ ಹೋಗದೆ ಉಳಿಯಬಹುದು. ಅವನ ಮೌನದ ಬೆಲೆಯನ್ನು ಬೀದಿಯೇ ತೆರಬೇಕಾಗುತ್ತದೆ.

ಇದುವರೆಗಿನ ವಿವೇಚನೆಯಿಂದ ಸಾಂಕ್ರಾಮಿಕದ ಕಾಲದಲ್ಲಿ ಸತ್ಯ, ದಯೆ, ಸಂಯಮ ಎಂಬ ಮೂರು ಮೌಲ್ಯಗಳು ಯಾವ ಯಾವ ಕಾರ್ಯವನ್ನು ಮಾಡುತ್ತವೆಂಬುದು ತಿಳಿಯುತ್ತದೆ. ಸತ್ಯವು ರೋಗದ ಸುಳಿವನ್ನು ಬೆಳಕಿಗೆ ತರುತ್ತದೆ. ದಯೆಯು ಸತ್ಯವನ್ನು ಹೇಳುವ ಧೈರ್ಯವನ್ನು ರೋಗಿಗೆ ಕೊಡುತ್ತದೆ. ಸಂಯಮವು ತಿಳಿದ ಸತ್ಯಕ್ಕೆ ತಕ್ಕಂತೆ ನಡೆಯುವ ಶಕ್ತಿಯನ್ನು ಎಲ್ಲರಿಗೂ ನೀಡುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಸೋಲುತ್ತವೆ. ಆದರೆ ಇವು ಮಾರಿ ಬಂದ ಮೇಲೆ ಹುಡುಕತಕ್ಕ ಮೌಲ್ಯಗಳಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಫಲ? ರೋಗವಿಲ್ಲದ ದಿನಗಳಲ್ಲಿ ನೆರೆಯವನ ಕಷ್ಟಕ್ಕೆ ಒದಗಿದ ಊರು, ಜಾಡಮಾಲಿಯ ಕಾಯಕವನ್ನು ವೈದ್ಯನ ಕಾಯಕದಷ್ಟೇ ಗೌರವದಿಂದ ಕಂಡ ಊರು, ತನ್ನ ಶಾಲೆಗಳಲ್ಲಿ ಆರೋಗ್ಯದ ಅರಿವನ್ನೂ ಮನುಷ್ಯಪ್ರೀತಿಯನ್ನೂ ಒಟ್ಟಿಗೆ ಕಲಿಸಿದ ಊರು, ರೋಗ ಬಂದ ದಿನ ಅರ್ಧ ಗೆದ್ದಂತೆಯೇ. ಅಂಥ ಊರಿನಲ್ಲಿ ರೋಗಿಯು ಬಾಗಿಲು ತೆರೆದು ತನ್ನ ನೋವನ್ನು ಹೇಳುತ್ತಾನೆ, ಕೇಳಿದವರು ಓಡಿಹೋಗುವುದಿಲ್ಲ.